ಬರದ ಸೀಮೆಯ ಹುಲ್ಲಿನ ಲೆಕ್ಕ

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿಗೆ ಎರಡು ಬಗೆಯ ಖ್ಯಾತಿ ಉಂಟು. ಒಂದು ಹಳೆಯದು. ಮೈಸೂರು ಅರಸರ ಅಮೃತಮಹಲ್ ದನಗಳಿಗೆಂದು ಕಾಯ್ದಿರಿಸಿದ ಹುಲ್ಲುಗಾವಲುಗಳಲ್ಲಿ ಇದೂ ಸೇರಿದೆ. ಇನ್ನೊಂದು ತೀರಾ ಈಚಿನದು. ಚಂದ್ರಯಾನದ ನೌಕೆ ಚಂದ್ರನ ಮೇಲೆ ಇಳಿಯುವಾಗ ಹಳ್ಳ-ದಿಣ್ಣೆಗಳನ್ನು ಗುರುತಿಸಬಲ್ಲುದೇ ಎಂದು ಪರೀಕ್ಷಿಸಲು ಇಸ್ರೊ ಕೃತಕ ಕುಳಿಗಳನ್ನು ತೋಡಿಸಿದ್ದು ಚಳ್ಳಕೆರೆ ಸೀಮೆಯ ಈ ನೆಲದಲ್ಲಿ.

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಇಲ್ಲಿಗೆ ಬಂದವರಿಗೆ ಚಂದ್ರನ ಹೋಲಿಕೆ ಸಹಜವೆನ್ನಿಸೀತು. ಕೆಂಪು ಮಣ್ಣು, ಬಿಳಿ ಕಲ್ಲು, ಸುಟ್ಟ ಬಣ್ಣದ ಹುಲ್ಲಿನ ಬುಡ, ಅಲ್ಲೊಂದು ಇಲ್ಲೊಂದು ಜಾಲಿ. ಆದರೆ ಒಂದು ಹದಮಳೆ ಬಿದ್ದು ಹತ್ತು ದಿನ ಕಳೆಯಲಿ, ಇದೇ ನೆಲ ಬೇರೆಯೇ ಆಗಿಬಿಡುತ್ತದೆ. ಹುಲ್ಲು ಚಿಗುರುತ್ತದೆ. ಅದರ ಸಂದಿಯಲ್ಲಿ ವಿಷ್ಣುಕ್ರಾಂತಿಯ ನೀಲಿ ಹೂವು, ನೆಗ್ಗಿಲಿನ ಹಳದಿ ಹೂವು, ತುಂಬೆ, ಅಣ್ಣೆಸೊಪ್ಪು ತಲೆ ಎತ್ತುತ್ತವೆ. ಬರಡು ಎಂದು ಕಂಡ ಕಡೆ ಅಂಗೈಯಗಲ ಜಾಗದಲ್ಲಿ ಐದಾರು ಬಗೆಯ ಸಸಿಗಳು ಸಿಗುತ್ತವೆ.

ಇಷ್ಟು ಕಡಿಮೆ ನೀರಿನಲ್ಲಿ ಇಷ್ಟು ಬಗೆಗಳು ಹೇಗೆ ಬದುಕುತ್ತವೆ? ಬರ ಎಂಬುದು ಸಸ್ಯಗಳ ವೈವಿಧ್ಯವನ್ನು ಕೊಲ್ಲುತ್ತದೆಯೋ, ಕಾಯುತ್ತದೆಯೋ? ಸಸ್ಯವಿಜ್ಞಾನಿಗಳನ್ನು ಬಹುಕಾಲ ಕಾಡಿರುವ ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಬಯಲುಸೀಮೆಯ ಕಾವಲುಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮಳೆ ಹೆಚ್ಚಿದಲ್ಲಿ ಬಗೆ ಹೆಚ್ಚು

ಮೊದಲು ಎಲ್ಲರಿಗೂ ತೋರುವ ಸತ್ಯವನ್ನೇ ನೋಡೋಣ. ಆಗುಂಬೆಯಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೆ 200 ಕಿಲೋಮೀಟರಿಗೂ ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಚಳ್ಳಕೆರೆಯಲ್ಲಿ 500 ಮಿಲಿಮೀಟರಿನ ಆಸುಪಾಸು. ನೈರುತ್ಯ ಮಾರುತ ಹೊತ್ತು ತಂದ ಮೋಡಗಳು ಸಹ್ಯಾದ್ರಿಯ ಮೇಲೇರುವಾಗಲೇ ಬಹುಪಾಲು ನೀರನ್ನು ಸುರಿಸಿಬಿಡುತ್ತವೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಒಣಗಿದ ಗಾಳಿ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಈ ಮಳೆನೆರಳಿನ ನಟ್ಟನಡುವೆ ಇವೆ.

ಈ ಗೆರೆಯ ಉದ್ದಕ್ಕೂ ನಡೆದರೆ ಮರಗಳ ಎತ್ತರವೂ ಬಗೆಗಳೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ನಿತ್ಯಹರಿದ್ವರ್ಣ ಕಾಡು, ಆಮೇಲೆ ಎಲೆ ಉದುರುವ ಕಾಡು, ಕೊನೆಗೆ ಕುರುಚಲು ಮತ್ತು ಹುಲ್ಲು. ಕಾರಣ ಸರಳ. ಉಷ್ಣವಲಯದಲ್ಲಿ ಬಿಸಿಲಿಗೆ ಬರವಿಲ್ಲ. ಗಿಡಗಳಿಗೆ ಕೊರತೆಯಾಗುವುದು ನೀರು. ಎಲೆಯ ಸಣ್ಣ ರಂಧ್ರ ತೆರೆದರೆ ಮಾತ್ರ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ. ಆದರೆ ಅದೇ ರಂಧ್ರದಿಂದ ನೀರು ಹೊರಗೆ ಹೋಗುತ್ತದೆ. ಹೀಗಾಗಿ ಪ್ರತಿಯೊಂದು ಗಿಡವೂ ದಿನವಿಡೀ ಅನ್ನಕ್ಕಾಗಿ ನೀರನ್ನು ಮಾರುತ್ತಿರುತ್ತದೆ. ಮಾರಲು ನೀರೇ ಇಲ್ಲದ ಕಡೆ ಹೆಚ್ಚಿನ ಸಸ್ಯಕುಲಗಳು ಕಾಲಿಡಲಾರವು. ಉಳಿಯುವುದು ಈ ವ್ಯಾಪಾರದಲ್ಲಿ ನುರಿತವು ಮಾತ್ರ.

ಇಲ್ಲಿಗೆ ಕಥೆ ಮುಗಿಯುವುದಾದರೆ ಕಾವಲಿನಲ್ಲಿ ನಾಲ್ಕಾರು ಗಟ್ಟಿ ಜಾತಿಗಳಷ್ಟೇ ಇರಬೇಕಿತ್ತು. ಹಾಗಿಲ್ಲ ಎಂಬುದೇ ಸೋಜಿಗ.

ಸರಾಸರಿ ಎಂಬ ಮಾಯೆ

ಬಯಲುಸೀಮೆಯ ರೈತರಿಗೆ ಸರಾಸರಿ ಮಳೆಯ ಅಂಕಿ ಹೇಳಿದರೆ ನಕ್ಕಾರು. ಇಲ್ಲಿ ಯಾವ ವರ್ಷವೂ ಸರಾಸರಿ ವರ್ಷವಲ್ಲ. ಪಕ್ಕದ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಆದರೆ ಅದರ ಮರುವರ್ಷ, 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. 2025ರ ಜನವರಿಯಲ್ಲಿ ಅದೇ ಜಲಾಶಯ ಮೂರನೆಯ ಬಾರಿ ಕೋಡಿ ಬಿತ್ತು. ಹೀಗೆ ಮೂರು ವರ್ಷದೊಳಗೆ ತುಂಬುವುದು, ಒಣಗುವುದು, ತುಂಬುವುದು ಮೂರೂ ನಡೆದುಹೋದವು.

ವರ್ಷಕ್ಕೆ ವರ್ಷ ಮಾತ್ರವಲ್ಲ, ನಕ್ಷತ್ರಕ್ಕೆ ನಕ್ಷತ್ರವೂ ಮಳೆ ಬೇರೆ. ಮೇ ತಿಂಗಳ ಭರಣಿ, ಕೃತ್ತಿಕೆಯಲ್ಲಿ ಗುಡುಗಿನ ಮಳೆ ಬಂದರೆ ಬಂತು. ಜೂನ್, ಜುಲೈಯಲ್ಲಿ ಮಲೆನಾಡು ನೆನೆಯುತ್ತಿರುವಾಗ ಇಲ್ಲಿ ಬರೀ ಗಾಳಿ. ನಿಜವಾದ ಮಳೆಗಾಲ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ಒಂದು ವರ್ಷ ಭರಣಿ ಸುರಿದು ಹಸ್ತ ಕೈಕೊಟ್ಟರೆ, ಇನ್ನೊಂದು ವರ್ಷ ಅದು ತಿರುಗುಮುರುಗು.

ವೈವಿಧ್ಯದ ಮೊದಲ ಗುಟ್ಟು ಈ ಏರುಪೇರಿನಲ್ಲೇ ಇದೆ. ಮೇ ಮಳೆಗೆ ಮೊಳೆಯುವ ಬೀಜಕ್ಕೆ ಬಿಸಿ ಮಣ್ಣು ಬೇಕು. ಅಕ್ಟೋಬರ್ ಮಳೆಗೆ ಮೊಳೆಯುವುದಕ್ಕೆ ತಂಪು ರಾತ್ರಿ ಬೇಕು. ಭರಣಿ ಒದಗಿದ ವರ್ಷ ಒಂದು ಗುಂಪಿನ ಸುಗ್ಗಿ, ಚಿತ್ತೆ ಒದಗಿದ ವರ್ಷ ಇನ್ನೊಂದು ಗುಂಪಿನದು. ಯಾವ ಒಂದು ಜಾತಿಯೂ ಸತತವಾಗಿ ಗೆದ್ದು ಉಳಿದವನ್ನು ಹೊಸಕಿ ಹಾಕಲು ಹವೆ ಬಿಡುವುದಿಲ್ಲ.

ಆದರೆ ಸೋತ ವರ್ಷ ಆ ಗಿಡ ಎಲ್ಲಿರುತ್ತದೆ? ಮಣ್ಣಿನಲ್ಲಿ, ಬೀಜವಾಗಿ. ಒಣನೆಲದ ಅನೇಕ ವಾರ್ಷಿಕ ಗಿಡಗಳು ತಮ್ಮ ಬೀಜಗಳನ್ನು ಒಂದೇ ಮಳೆಗೆ ಮೊಳೆಯಲು ಬಿಡುವುದಿಲ್ಲ. ಒಂದೇ ಗಿಡದ ಬೀಜಗಳಲ್ಲಿ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಇನ್ನು ಕೆಲವು ಹಲವು ವರ್ಷಗಳ ಮೇಲೆ ಮೊಳೆಯುತ್ತವೆ. ಸಿಪ್ಪೆಯ ಗಡಸುತನ ಒಂದೊಂದರಲ್ಲಿ ಒಂದೊಂದು ಬಗೆ. ಮೊಳಕೆಯನ್ನು ತಡೆಯುವ ರಾಸಾಯನಿಕ ಸಾಕಷ್ಟು ಮಳೆ ಬಿದ್ದರೆ ಮಾತ್ರ ತೊಳೆದುಹೋಗುತ್ತದೆ. ಸಣ್ಣ ತುಂತುರಿಗೆ ಮರುಳಾಗಿ ಮೊಳೆತ ಸಸಿ ಒಣಗಿ ಹೋದರೂ ವಂಶ ಉಳಿಯುತ್ತದೆ. ಏರುಪೇರಿನ ಹವೆಯಲ್ಲಿ ಬೀಜವನ್ನು ಹೀಗೆ ಹಿಡಿದಿಡುವುದೇ ಲಾಭ ಎಂಬುದನ್ನು ಡ್ಯಾನ್ ಕೋಹೆನ್ 1966ರಲ್ಲಿ ಗಣಿತದಿಂದ ತೋರಿಸಿದರು. 1980ರ ದಶಕದಲ್ಲಿ ಪೀಟರ್ ಚೆಸ್ಸನ್ ಮತ್ತು ಅವರ ಸಂಗಡಿಗರು ಇನ್ನೂ ಮುಂದೆ ಹೋಗಿ, ಒಳ್ಳೆಯ ವರ್ಷದ ಗಳಿಕೆಯನ್ನು ಬೀಜದಲ್ಲಿ ಕೂಡಿಟ್ಟು ಕೆಟ್ಟ ವರ್ಷ ದಾಟುವ ಜಾತಿಗಳು ಒಂದೇ ನೆಲದಲ್ಲಿ ಒಟ್ಟಿಗೆ ಬಾಳಬಲ್ಲವು ಎಂದು ವಿವರಿಸಿದರು.

ಈ ತತ್ವ ನಮ್ಮ ರೈತರಿಗೆ ಹೊಸದಲ್ಲ. ಬಯಲುಸೀಮೆಯ ಹೊಲದಲ್ಲಿ ಮುಖ್ಯ ಬೆಳೆಯ ನಡುವೆ ತೊಗರಿ, ಅವರೆ, ಸಜ್ಜೆ, ಹರಳು ಎಂದು ಅಕ್ಕಡಿ ಸಾಲು ಹಾಕುವುದು ಇದೇ ಕಾರಣಕ್ಕೆ. ಮುಂಗಾರು ಕೈಕೊಟ್ಟರೆ ಹಿಂಗಾರಿನದಾದರೂ ಮನೆಗೆ ಬರಲಿ ಎಂದು. ಕಾವಲಿನಲ್ಲಿ ಅಕ್ಕಡಿ ಹಾಕಿದ್ದು ಪ್ರಕೃತಿ.

ನೀರು ಉಳಿಸುವ ನಾಲ್ಕು ದಾರಿ

ಎರಡನೆಯ ಗುಟ್ಟು ಬದುಕುವ ವಿಧಾನದಲ್ಲಿದೆ. ಬರವನ್ನು ಎದುರಿಸಲು ಗಿಡಗಳು ಸ್ಥೂಲವಾಗಿ ನಾಲ್ಕು ದಾರಿ ಹಿಡಿದಿವೆ.

ಮೊದಲನೆಯದು ತಪ್ಪಿಸಿಕೊಳ್ಳುವುದು. ಮಳೆಗೆ ಮೊಳೆತು, ಆರೆಂಟು ವಾರದಲ್ಲಿ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಪುಟ್ಟ ಗಿಡಗಳು ಬರವನ್ನು ನೋಡುವುದೇ ಇಲ್ಲ. ಅವುಗಳ ಪಾಲಿಗೆ ಬೇಸಿಗೆ ಎಂಬುದು ನಿದ್ದೆಯಲ್ಲಿ ಕಳೆಯುವ ಕಾಲ.

ಎರಡನೆಯದು ಮಿತವ್ಯಯ. ಈ ಸೀಮೆಯ ಬಹುತೇಕ ಹುಲ್ಲುಗಳು ಇಂಗಾಲವನ್ನು ಎಲೆಯೊಳಗೆ ಒಂದೆಡೆ ಒತ್ತಿ ಕೂಡಿಸಿಕೊಂಡು ಆಮೇಲೆ ಆಹಾರ ತಯಾರಿಸುತ್ತವೆ. ಇದಕ್ಕೆ ವಿಜ್ಞಾನಿಗಳು ಸಿ-4 ಪದ್ಧತಿ ಎನ್ನುತ್ತಾರೆ. ಇದರಿಂದ ಎಲೆಯ ರಂಧ್ರವನ್ನು ಹೆಚ್ಚು ತೆರೆಯದೆಯೇ ಕೆಲಸ ಸಾಗುತ್ತದೆ. ಅಷ್ಟೇ ಬೆಳವಣಿಗೆಗೆ ಭತ್ತದಂಥ ಸಸ್ಯ ಖರ್ಚು ಮಾಡುವ ನೀರಿನ ಸುಮಾರು ಅರ್ಧ ಸಾಕು. ಜೋಳ, ಸಜ್ಜೆ, ರಾಗಿ, ನವಣೆ, ಕೊರಲೆ ಎಲ್ಲವೂ ಇದೇ ಪದ್ಧತಿಯವು. ಬಯಲುಸೀಮೆಯ ಊಟ ಮುದ್ದೆ, ರೊಟ್ಟಿಯಾದದ್ದರ ಹಿಂದೆ ಎಲೆಯೊಳಗಿನ ಈ ರಸಾಯನವೂ ಇದೆ.

ಮೂರನೆಯದು ಕೂಡಿಡುವುದು. ಕಳ್ಳಿ, ಕರಲ್ಲುಮ, ಬೇಲಿ ಮೇಲೆ ಹಬ್ಬುವ ಮಂಗರವಳ್ಳಿ ಇವು ದಪ್ಪ ಕಾಂಡದಲ್ಲಿ ನೀರು ತುಂಬಿಕೊಳ್ಳುತ್ತವೆ. ಹಗಲು ರಂಧ್ರ ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲವನ್ನು ಒಳಗೆ ತಂದಿಟ್ಟುಕೊಳ್ಳುವ ಜಾಣತನ ಮಂಗರವಳ್ಳಿ, ಕರಲ್ಲುಮಗಳಿಗೂ ಹಲವು ಕಳ್ಳಿಗಳಿಗೂ ಇದೆ.

ನಾಲ್ಕನೆಯದು ಆಳಕ್ಕೆ ಇಳಿಯುವುದು. ಜಾಲಿ, ಬೋರೆ, ಕಮರದ ಮರಗಳು ಬೇರನ್ನು ಬಂಡೆಯ ಸಂದಿಗೆ ಇಳಿಸುತ್ತವೆ. ಕಮರ ಬಯಲುಸೀಮೆಯ ಒಣ ಗುಡ್ಡಗಳ ವಿಶೇಷ ಮರ. ಅದರ ಸಸಿ ಮೇಲೆ ಗೇಣುದ್ದ ಬೆಳೆಯುವಷ್ಟರಲ್ಲಿ ಕೆಳಗೆ ಬೇರು ಅದಕ್ಕಿಂತ ಎಷ್ಟೋ ಆಳ ಹೋಗಿರುತ್ತದೆ. ಬಂದರಿಕೆಯ ಎಲೆಗೆ ಅಂಟಿನ ಲೇಪ, ಕಾರೆ, ಕವಳೆಗಳಿಗೆ ಮುಳ್ಳು, ತಂಗಡಿಗೆ ಮೇಕೆಯೂ ಮುಟ್ಟದ ಒಗರು ಎಲೆ. ಗಳಿಸಿದ ಎಲೆಯನ್ನು ಉಳಿಸಿಕೊಳ್ಳಲು ಒಂದೊಂದಕ್ಕೆ ಒಂದೊಂದು ಉಪಾಯ.

ಈ ನಾಲ್ಕು ಗುಂಪುಗಳು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಆಳದಲ್ಲಿ ನೀರು ಕುಡಿಯುವುದರಿಂದ ಅವುಗಳ ನಡುವೆ ಜಗಳ ಕಡಿಮೆ. ಒಂದೇ ಬಾವಿಗೆ ಬೇರೆ ಬೇರೆ ಹೊತ್ತಿನಲ್ಲಿ ಬರುವ ನೆರೆಹೊರೆಯವರಂತೆ ಹೊಂದಿಕೊಂಡಿವೆ.

ಬಟ್ಟೆಗೆ ಚುಚ್ಚುವ ಊಬಿನ ಹುಲ್ಲನ್ನು ಕಾವಲಿನಲ್ಲಿ ನಡೆದವರೆಲ್ಲ ಬೈದಿರುತ್ತಾರೆ. ಸಸ್ಯಶಾಸ್ತ್ರದ ಹೆಸರು ಹೆಟೆರೊಪೋಗನ್ ಕಂಟಾರ್ಟಸ್. ಅದರ ಬೀಜದ ಬಾಲ ಒಣಗಿದಾಗ ಹಗ್ಗದಂತೆ ಹುರಿಗೊಂಡಿರುತ್ತದೆ. ತೇವ ತಾಗಿದಾಗ ಬಿಚ್ಚಿಕೊಳ್ಳುತ್ತದೆ. ಇಬ್ಬನಿ ಬಿದ್ದು ಆರಿ, ಬಿದ್ದು ಆರಿ, ಬಾಲ ತಿರುಗುತ್ತ ಚೂಪಾದ ಬೀಜವನ್ನು ಬೈರಿಗೆಯಂತೆ ಮಣ್ಣಿಗೆ ಇಳಿಸುತ್ತದೆ. ಮೇಲ್ಮಣ್ಣು ಕಾದು ಬೆಂದರೂ ಒಳಗಿನ ಬೀಜ ಕ್ಷೇಮ.

ಒಂದೇ ಕಾವಲು, ಹಲವು ನೆಲ

ಮೂರನೆಯ ಗುಟ್ಟು ನೆಲದಲ್ಲಿದೆ. ಮಳೆಮಾಪಕ ತೋರಿಸುವುದು ಮುಗಿಲಿನಿಂದ ಬಿದ್ದ ನೀರನ್ನು. ಗಿಡಕ್ಕೆ ಬೇಕಾದದ್ದು ಬೇರಿಗೆ ಸಿಕ್ಕ ನೀರು. ಇವೆರಡರ ನಡುವೆ ಮಣ್ಣು ಕೂತಿದೆ.

ಮಳೆ ಹೆಚ್ಚಿರುವ ಕಡೆ ಜೇಡಿಯ ಅಂಶವಿರುವ ಎರೆಮಣ್ಣೇ ನೀರು ಹಿಡಿಯಲು ಮೇಲು. ಆದರೆ ಒಣಸೀಮೆಯಲ್ಲಿ ಈ ಮಾತು ತಿರುಗುಮುರುಗಾಗುವುದುಂಟು. ಸಣ್ಣ ಮಳೆ ಎರೆಯ ಮೇಲೆ ಬಿದ್ದರೆ ನೀರು ಮೇಲ್ಪದರದಲ್ಲೇ ನಿಂತು ಬಿಸಿಲಿಗೆ ಆರಿಹೋಗುತ್ತದೆ. ಉಳಿದದ್ದನ್ನೂ ಜೇಡಿ ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಅದೇ ಮಳೆ ಮರಳುಮಿಶ್ರಿತ ಮಸಾರಿಗೆ ಬಿದ್ದರೆ ಬಿಸಿಲಿಗೆ ಎಟುಕದ ಆಳಕ್ಕೆ ಇಳಿಯುತ್ತದೆ. ಇಮಾನುಯೆಲ್ ನಾಯ್-ಮೇಯರ್ 1973ರಲ್ಲಿ ಇದನ್ನು ಸೂತ್ರವಾಗಿ ಮಂಡಿಸಿದರು. ಚಳ್ಳಕೆರೆ ಸೀಮೆಯಲ್ಲಿ ಮಸಾರಿಯೂ ಉಂಟು, ವೇದಾವತಿಯ ಬದಿಗೆ ಎರೆಯೂ ಉಂಟು. ಒಂದೇ ಮಳೆ, ಎರಡು ಫಲ.

ಕಾವಲಿನ ಒಳಗೂ ನೆಲ ಒಂದೇ ಸಮ ಇಲ್ಲ. ಕಲ್ಲುದಿಣ್ಣೆಯ ಮೇಲೆ ಬಿದ್ದ ನೀರು ನಿಲ್ಲದೆ ಹರಿದು ತಗ್ಗಿಗೆ ಸೇರುತ್ತದೆ. ಹಾಗಾಗಿ 500 ಮಿಲಿಮೀಟರ್ ಮಳೆಯ ಊರಿನಲ್ಲಿ ದಿಣ್ಣೆಯ ಗಿಡಕ್ಕೆ ದಕ್ಕುವುದು ಅದಕ್ಕಿಂತ ಎಷ್ಟೋ ಕಡಿಮೆ, ತಗ್ಗಿನ ಗಿಡಕ್ಕೆ ಎಷ್ಟೋ ಹೆಚ್ಚು. ದಿಣ್ಣೆಯ ಮೇಲೆ ಪೊರಕೆ ಕಟ್ಟುವ ಹಂಚಿಕಡ್ಡಿಯ ಜಾತಿಯ ಒರಟು ಹುಲ್ಲು. ಸ್ವಲ್ಪ ಕೆಳಗೆ ದನ ಇಷ್ಟಪಡುವ ಮೆತ್ತನೆ ಹುಲ್ಲು. ಹಳ್ಳದ ಅಂಚಿಗೆ ಈಚಲು, ಜೇಕು. ಗೋಕಟ್ಟೆಯ ಕೆಸರಿನಲ್ಲಿ ಹೊನಗನೆ, ಗರಿಕೆ, ನೀರು ಆರುವವರೆಗೆ ಬದುಕಿ ಆಮೇಲೆ ಮಾಯವಾಗುವ ಕೆರೆಗಿಡಗಳು. ಹುತ್ತದ ಮಣ್ಣಿಗೆ ಮತ್ತೊಂದು ಬಗೆ, ಬಂಡೆಯ ನೆರಳಿಗೆ ಇನ್ನೊಂದು. ನೀರು ಕಡಿಮೆ ಇರುವ ಕಡೆ ಅದರ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ. ಮಲೆನಾಡಿನಲ್ಲಿ ಒಂದು ಅಡಿ ತಗ್ಗು ಲೆಕ್ಕಕ್ಕಿಲ್ಲ. ಇಲ್ಲಿ ಒಂದು ಅಡಿ ತಗ್ಗು ಎಂದರೆ ಬೇರೊಂದು ಊರು.

ಇದೇ ಕಾರಣಕ್ಕೆ ಇಂಥ ನೆಲವನ್ನು ಯಂತ್ರದಿಂದ ಮಟ್ಟ ಮಾಡಿದರೆ, ಒಂದು ಗಿಡವನ್ನೂ ಬೇಕೆಂದು ಕಿತ್ತುಹಾಕದಿದ್ದರೂ ಹಲವು ಜಾತಿಗಳ ಮನೆ ಹೋದಂತೆಯೇ.

ಮರವೇಕೆ ಇಲ್ಲ?

ಹುಲ್ಲುಗಾವಲು ನೋಡಿದವರಲ್ಲಿ ಅನೇಕರು ಕೇಳುವ ಪ್ರಶ್ನೆ ಇದು. ಹಿಂದೆ ಇಲ್ಲಿ ದಟ್ಟ ಕಾಡಿತ್ತು, ಜನ ಕಡಿದು ಹಾಳು ಮಾಡಿದರು, ಈಗ ಗಿಡ ನೆಟ್ಟು ಕಾಡು ಮಾಡಬೇಕು ಎಂಬುದು ಸಾಮಾನ್ಯ ನಂಬಿಕೆ. ಈಗ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿರುವ ಮಹೇಶ್ ಶಂಕರನ್ ಮತ್ತು ಹಲವು ದೇಶಗಳ ಸಂಗಡಿಗರು 2005ರಲ್ಲಿ ಆಫ್ರಿಕದ ಸವನ್ನಾಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ತೂಗಿ ನೋಡಲು ನೆರವಾಗುತ್ತದೆ. ವರ್ಷಕ್ಕೆ ಸುಮಾರು 650 ಮಿಲಿಮೀಟರಿಗಿಂತ ಕಡಿಮೆ ಮಳೆಯ ಕಡೆ ಮರಗಳು ಎಷ್ಟು ದಟ್ಟವಾಗಬಹುದು ಎಂಬುದನ್ನು ನೀರೇ ನಿರ್ಧರಿಸುತ್ತದೆ. ಬೆಂಕಿ, ದನ ಏನೂ ಇಲ್ಲದಿದ್ದರೂ ಅಲ್ಲಿ ಕೊಂಬೆಗೆ ಕೊಂಬೆ ತಾಗುವ ಕಾಡು ಆಗಲಾರದು. ಆಫ್ರಿಕದ ಅಂಕಿಯನ್ನು ಇದ್ದಂತೆ ಇಲ್ಲಿಗೆ ಹೊಂದಿಸಲಾಗದು. ಆದರೆ ಚಳ್ಳಕೆರೆಯ ಮಳೆ ಆ ಮಿತಿಗಿಂತ ಸಾಕಷ್ಟು ಕೆಳಗಿದೆ ಎಂಬುದನ್ನು ಮರೆಯುವಂತಿಲ್ಲ.

ಇತಿಹಾಸವೂ ಇದೇ ಕಡೆ ಬೆರಳು ತೋರುತ್ತದೆ. ಅಶೋಕನ ಶಾಸನಗಳಿಂದ ಹೆಸರಾದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದರು. ಅಲ್ಲಿ ಅಶೋಕನಿಗೂ ಬಹಳ ಹಿಂದಿನ ನವಶಿಲಾಯುಗದ ಜನರ ನೆಲೆ ಸಿಕ್ಕಿತು. ದಕ್ಷಿಣ ಭಾರತದ ಈ ಜನ ದನ ಸಾಕುತ್ತಿದ್ದರು. ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು ಎಂಬುದು ಇಂಥ ಹಲವು ನೆಲೆಗಳ ಅಧ್ಯಯನದಿಂದ ತಿಳಿದಿದೆ. ಕೊರಲೆ ಮೂಲತಃ ಈ ಒಣನಾಡಿನದೇ ಕಾಡುಹುಲ್ಲು. ಅಂದರೆ ದನ ಮೇಯಲು ಹುಲ್ಲು, ಮನುಷ್ಯ ತಿನ್ನಲು ಹುಲ್ಲಿನ ಕಾಳು, ಎರಡನ್ನೂ ಕೊಟ್ಟ ನೆಲ ಇದು, ಮೂರು-ನಾಲ್ಕು ಸಾವಿರ ವರ್ಷಗಳಿಂದ.

ಮೂರು ಕಾಲಕ್ಕೆ ಮೂರು ಕಾವಲು

ನೀರಿನ ಈ ಏರುಪೇರನ್ನು ಅರಿತು ಕಟ್ಟಿದ್ದು ಅಮೃತಮಹಲ್ ವ್ಯವಸ್ಥೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸಲು 'ಬೆಣ್ಣೆ ಚಾವಡಿ' ಎಂಬ ಇಲಾಖೆಯಾಗಿ ಇದು ರೂಪು ಪಡೆಯಿತು. ಹೈದರ್ ಅಲಿ ಇದನ್ನು ಸೈನ್ಯದ ಸಾಗಾಟಕ್ಕೆ ಬಳಸಿದ. ಟಿಪ್ಪು ಸುಲ್ತಾನ್ 'ಅಮೃತಮಹಲ್' ಎಂದು ಹೆಸರಿಟ್ಟ. 1799ರ ನಂತರ ಬ್ರಿಟಿಷರ ಕೈ ಸೇರಿತು. 1860ರಲ್ಲಿ ಹಿಂಡನ್ನೇ ಮಾರಿಬಿಟ್ಟ ಅವರು, ಸೈನ್ಯಕ್ಕೆ ಎತ್ತು ಸಾಲದೆ 1866ರಲ್ಲಿ ಮತ್ತೆ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಕಾವಲುಗಳ ಒಟ್ಟು ವಿಸ್ತಾರ ನಾಲ್ಕು ಲಕ್ಷ ಎಕರೆಗೂ ಹೆಚ್ಚು.

ಇವನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ವಿಂಗಡಣೆಯ ಆಧಾರ ನೀರು. ಮಳೆಗಾಲದಲ್ಲಿ ಮಾತ್ರ ಹೊಂಡ ತುಂಬುವ ಒಣಕಾವಲಿಗೆ ಆಗಷ್ಟೇ ದನ ಹೋಗುತ್ತಿದ್ದವು. ಕೆರೆಯಂಗಳ, ಮರದ ನೆರಳು ಇರುವ ಕಾವಲನ್ನು ಬೇಸಿಗೆಗೆ ಮೀಸಲಿಡುತ್ತಿದ್ದರು. ದನಗಳು ಹೊರಟುಹೋದ ಮೇಲೆ ಹುಲ್ಲಿಗೆ ಬಿಡುವು ಸಿಗುತ್ತಿತ್ತು. ಬೇರಿನಲ್ಲಿ ಶಕ್ತಿ ಕೂಡಿಕೊಳ್ಳಲು, ಬೀಜ ಉದುರಿಸಲು ಸಮಯ ಸಿಗುತ್ತಿತ್ತು.

ಊರಿನವರದೂ ಇಂಥದೇ ನಡೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ಇವನ್ನು ಉಳಲು ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಅವನ್ನು ಹುಲ್ಲು, ನೀರು ಇರುವ ಕಡೆಗೆ ಅಟ್ಟಿಕೊಂಡು ಹೋಗುತ್ತಾರೆ. ಕಾಡುಗೊಲ್ಲರ ಹಟ್ಟಿಗಳ ದನ-ಕುರಿಗಳು, ಕುರುಬರ ಬಳ್ಳಾರಿ ತಳಿಯ ಕುರಿಗಳು ಇದೇ ಕಾವಲುಗಳನ್ನು ನಂಬಿವೆ. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದು ಈ ಕುರಿಗಳಿಂದ. ಕುರಿ ಉಳಿದದ್ದು ಈ ಹುಲ್ಲಿನಿಂದ.

ಬರ ಮಿತಿ ಮೀರಿದಾಗ

ಹಾಗಾದರೆ ಬರದಿಂದ ವೈವಿಧ್ಯಕ್ಕೆ ಹಾನಿಯೇ ಇಲ್ಲವೇ? ಇದೆ. ಅಮೆರಿಕದ ಮಿನೆಸೋಟ ರಾಜ್ಯದ ಸೀಡರ್ ಕ್ರೀಕ್ ಹುಲ್ಲುಗಾವಲಿನಲ್ಲಿ ಡೇವಿಡ್ ಟಿಲ್ಮನ್ ಮತ್ತು ಸಂಗಡಿಗರು ವರ್ಷವರ್ಷವೂ ಸಸ್ಯಗಳನ್ನು ಎಣಿಸುತ್ತಿದ್ದಾಗ 1987-88ರಲ್ಲಿ ಭೀಕರ ಬರ ಬಂತು. ಎಣಿಕೆಯ ತಾಕುಗಳಲ್ಲಿ ಮೂರನೇ ಒಂದರಷ್ಟು ಜಾತಿಗಳು ಕಾಣೆಯಾದವು. ಮಳೆ ಮರಳಿದ ಮೇಲೂ ಅವು ಬೇಗ ಮರಳಲಿಲ್ಲ. ಅದೇ ಬರದಿಂದ ಇನ್ನೊಂದು ಪಾಠವೂ ಸಿಕ್ಕಿತು. 1994ರಲ್ಲಿ ಟಿಲ್ಮನ್ ಮತ್ತು ಜಾನ್ ಡೌನಿಂಗ್ 207 ತಾಕುಗಳ ಲೆಕ್ಕ ಮಂಡಿಸಿ, ಹೆಚ್ಚು ಬಗೆಯ ಸಸ್ಯಗಳಿದ್ದ ತಾಕುಗಳಲ್ಲಿ ಹುಲ್ಲಿನ ಇಳುವರಿ ಅಷ್ಟಾಗಿ ಕುಸಿಯಲಿಲ್ಲ ಎಂದರು. ಆ ತಾಕುಗಳಿಗೆ ಗೊಬ್ಬರವನ್ನೂ ಹೆಚ್ಚು-ಕಡಿಮೆ ಹಾಕಿದ್ದರಿಂದ, ವ್ಯತ್ಯಾಸ ವೈವಿಧ್ಯದ್ದೋ ಗೊಬ್ಬರದ್ದೋ ಎಂದು ಕೆಲವರು ತಕರಾರು ತೆಗೆದರು. ಆಮೇಲೆ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳು ಬಹುಮಟ್ಟಿಗೆ ಟಿಲ್ಮನ್ ಮಾತನ್ನೇ ಬೆಂಬಲಿಸಿದವು. ಬರ ಬಗೆಗಳನ್ನು ಕಡಿಮೆ ಮಾಡುತ್ತದೆ. ಬಗೆಗಳು ಹೆಚ್ಚಿದ್ದರೆ ಬರದ ಪೆಟ್ಟು ಕಡಿಮೆಯಾಗುತ್ತದೆ. ಈ ಎರಡು ಮಾತುಗಳನ್ನು ಒಟ್ಟಿಗೇ ನೆನಪಿಡಬೇಕು.

ಎಲ್ಲಿಯವರೆಗೆ ಬರ ವೈವಿಧ್ಯವನ್ನು ಕಾಯುತ್ತದೆ, ಎಲ್ಲಿಂದ ಕೊಲ್ಲುತ್ತದೆ ಎಂಬ ಗೆರೆ ಇರುವುದು ಉಳಿತಾಯದಲ್ಲಿ. ಮಣ್ಣಿನಲ್ಲಿ ಬೀಜ, ಬುಡದಲ್ಲಿ ಜೀವ ಇರುವವರೆಗೆ ಬರ ದಾಟಬಹುದು. ಬರದ ವರ್ಷ ಬೇರೆಲ್ಲೂ ಮೇವಿಲ್ಲದೆ ದನಗಳೆಲ್ಲ ಒಂದೇ ಕಾವಲಿಗೆ ನುಗ್ಗಿದರೆ ಹುಲ್ಲು ಬೀಜ ಕಟ್ಟುವ ಮೊದಲೇ ಬೋಳಾಗುತ್ತದೆ. ಎರಡು-ಮೂರು ವರ್ಷ ಹೀಗೇ ಆದರೆ ಬಹುವರ್ಷ ಬಾಳುವ ಒಳ್ಳೆಯ ಮೇವಿನ ಹುಲ್ಲುಗಳು ಮೊದಲು ಹೋಗುತ್ತವೆ. ದಕ್ಷಿಣದ ಪ್ರಸ್ಥಭೂಮಿಯ ಹುಲ್ಲುಗಾವಲುಗಳು ಮೂಲದಲ್ಲಿ ಸೆಹಿಮಾ ಮತ್ತು ಡೈಕ್ಯಾಂಥಿಯಂ ಎಂಬ ಹುಲ್ಲುಗಳ ನೆಲೆ ಎಂದು ದಬಡ್‌ಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ಗುರುತಿಸಿದ್ದರು. ನೆಲ ಬಳಲಿದಂತೆ ಅವುಗಳ ಜಾಗಕ್ಕೆ ಊಬಿನ ಹುಲ್ಲು, ಅದೂ ಬಳಲಿದರೆ ಹಂಚಿಕಡ್ಡಿಯ ಒರಟು ಹುಲ್ಲು ಬರುತ್ತದೆ. ಹಸಿರೇನೋ ಇರುತ್ತದೆ; ದನದ ಹೊಟ್ಟೆ ತುಂಬುವುದಿಲ್ಲ.

ಆಮೇಲೆ ಬರುವುದು ಬಳ್ಳಾರಿ ಜಾಲಿ. ಬಳ್ಳಾರಿಯ ಹೆಸರು ಹೊತ್ತಿದ್ದರೂ ಇದು ಅಮೆರಿಕ ಖಂಡದ ಗಿಡ. 1870ರ ದಶಕದ ಕೊನೆಗೆ, ದಕ್ಷಿಣ ಭಾರತ ಮಹಾಕ್ಷಾಮದಲ್ಲಿ ಬೆಂದ ದಿನಗಳಲ್ಲೇ, ಆಗಿನ ಮದ್ರಾಸ್ ಪ್ರಾಂತ್ಯಕ್ಕೆ ಬಂತು. ಉರುವಲು ಕೊಟ್ಟು ಬಡವರಿಗೆ ನೆರವಾದದ್ದೂ ನಿಜ. ಆದರೆ ಅದರ ಬೇರು ಆಳದ ನೀರನ್ನು ಹೀರುತ್ತದೆ, ಕಾಯಿ ತಿಂದ ದನ-ಕುರಿಗಳೇ ಸಗಣಿಯ ಮೂಲಕ ಬೀಜ ಹರಡುತ್ತವೆ, ಅದರ ದಟ್ಟ ಪೊದೆಯಡಿ ಹುಲ್ಲು ಏಳುವುದಿಲ್ಲ. ಬರವನ್ನು ಗೆಲ್ಲುವ ಒಂದೇ ಗಿಡ, ಬರವನ್ನು ಹಂಚಿಕೊಂಡು ಬಾಳುತ್ತಿದ್ದ ಹಲವು ಗಿಡಗಳ ಜಾಗ ಹಿಡಿಯುತ್ತದೆ.

ಬೇಲಿಯ ಆಚೆ, ಈಚೆ

2007ರಿಂದ 2010ರ ನಡುವೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆ ಬೇರೆ ಬೇರೆ ಸಂಸ್ಥೆಗಳಿಗೆ ಮಂಜೂರಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಇವುಗಳಲ್ಲಿ ಮುಖ್ಯವಾದವು. ಗ್ರಾಮಸ್ಥರ, ಪರಿಸರ ಸಂಘಟನೆಯ ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಮುಖ್ಯ ಯೋಜನೆಗಳು ಮುಂದುವರಿದವು. ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಮರುಬಳಕೆಯ ರಾಕೆಟ್‌ನತ್ತ ಹೆಜ್ಜೆಯಾಗಿ ಇಸ್ರೊ ರೂಪಿಸಿದ ರೆಕ್ಕೆಯ ನೌಕೆ 2023ರಲ್ಲಿ ತಾನೇ ತಾನಾಗಿ ನೆಲಕ್ಕಿಳಿದದ್ದು ಅಲ್ಲೇ.

ದೇಶಕ್ಕೆ ಈ ಸಾಧನೆಗಳು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಸ್ಯಗಳ ಲೆಕ್ಕದಲ್ಲಿ ಬೇಲಿಯಿಂದ ಆಗುವುದೇನು ಎಂದು ಕೇಳಲೇಬೇಕು. ಬೇಲಿಯ ಒಳಗೆ, ಕಟ್ಟಡ-ರಸ್ತೆ ಬಾರದ ಕಡೆ ಹುಲ್ಲು ಚೇತರಿಸಿಕೊಳ್ಳಬಹುದು; ಅಲ್ಲಿ ಸಾಲುಮರ ನೆಡದೆ, ನೆಲ ಮಟ್ಟ ಮಾಡದೆ ಬಿಟ್ಟರೆ ಅದು ಒಳ್ಳೆಯ ಬೀಜದ ಕಣಜವಾದೀತು. ಬೇಲಿಯ ಹೊರಗೆ ಆಗುವುದು ಬೇರೆ. ದನ, ಕುರಿಗಳ ನಡೆಯುವ ದಾರಿ ಮುಚ್ಚುತ್ತದೆ. ಉಳಿದ ನೆಲದ ಮೇಲೆ ಭಾರ ಹೆಚ್ಚುತ್ತದೆ. ಹುಲ್ಲಿಗೆ ಬಿಡುವು ಕೊಡುವುದೇ ಈ ವ್ಯವಸ್ಥೆಯ ಜೀವಾಳವಾಗಿತ್ತು. ಬಿಡುವು ಕೊಡಲು ಬೇರೆ ಜಾಗವಿಲ್ಲದಾಗ ಕಿಲಾರಿ ಏನು ಮಾಡಬೇಕು? ಬರ ಬಂದಾಗಲೆಲ್ಲ ದೇವರ ಎತ್ತುಗಳಿಗೆ ಮೇವು ಒದಗಿಸಿ ಎಂಬ ಬೇಡಿಕೆ ಸರ್ಕಾರದ ಬಾಗಿಲಿಗೆ ಬರುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಹಿಂದೆ ಆ ಮೇವನ್ನು ಕಾವಲೇ ಕೊಡುತ್ತಿತ್ತು.

ಇಂಥ ನೆಲ ಸರ್ಕಾರಿ ಕಾಗದಗಳಲ್ಲಿ ಸುಲಭವಾಗಿ 'ಬಂಜರು' ಎನ್ನಿಸಿಕೊಳ್ಳುತ್ತದೆ. ನೋಡುವವರು ಬೇಸಿಗೆಯಲ್ಲಿ ಬಂದು ಮರ ಎಣಿಸಿಕೊಂಡು ಹೋಗುತ್ತಾರೆ. ಎಣಿಸಬೇಕಾದದ್ದು ಹುಲ್ಲು, ಅದೂ ಹಸ್ತ-ಚಿತ್ತೆಯ ಮಳೆ ಕಳೆದ ಮೇಲೆ. ಒಂದು ವರ್ಷ ಸಾಲದು, ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡನ್ನೂ ನೋಡಬೇಕು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಈ ಸೀಮೆಗೆ ಬಂದಾಗ ರೈತರ ಬದುಕು ಹಸನಾಗಲಿ. ಆದರೆ ನೀರು ಬಂದ ಕಡೆ ನೇಗಿಲು ಬರುತ್ತದೆ, ನೇಗಿಲು ಹೋದ ಕಡೆ ಕಾವಲಿನ ಬುಡ ಕೀಳುತ್ತದೆ. ಎಲ್ಲಿ ಉಳಬೇಕು, ಎಲ್ಲಿ ಹುಲ್ಲು ಬಿಡಬೇಕು ಎಂಬುದನ್ನು ನೀರು ಬರುವ ಮೊದಲೇ ತೀರ್ಮಾನಿಸುವುದು ಕ್ಷೇಮ. ಕಾಲುವೆಯ ನೀರು ತಲುಪದ ಊರುಗಳ ದನಗಳಿಗೆ ಮುಂದಿನ ಬರದಲ್ಲೂ ಈ ಹುಲ್ಲೇ ಗತಿ.